ಘಾಟಿ ಹತ್ತುವಾಗ ಡೀಸೆಲ್ ಗಾಡಿಗೆ ಪಿಕಪ್ಪೇ ಇಲ್ಲ, ಟರ್ಬೊ ಹೋಗಿದೆ ಅಂತಾರೆ, ಖಾತ್ರಿ ಮಾಡ್ಕೊಳ್ಳುದು ಹೇಗೆ?

ಸುಳ್ಯ_ಸವಾರ:

ನಮಸ್ಕಾರ ಎಲ್ರಿಗೂ. ನಂದು 2014ರ ಸೆಡಾನ್, 1.3 ಲೀಟರ್ ಟರ್ಬೊ ಡೀಸೆಲ್ (ಟರ್ಬೊ ಅಂದ್ರೆ ಎಂಜಿನ್ನಿಗೆ ಗಾಳಿ ಒತ್ತಿ ತಳ್ಳುವ ಫ್ಯಾನ್), ಲಕ್ಷ ಕಿಲೋಮೀಟರ್ ದಾಟಿದೆ. ಮಳೆಗಾಲ ಶುರುವಾದ ಮೇಲೆ ಪಿಕಪ್ ಸ್ವಲ್ಪ ಸ್ವಲ್ಪ ಕಡಿಮೆ ಆಗ್ತಾ ಬಂತು, ಈಗ ಸಂಪಾಜೆ ಘಾಟಿ ಹತ್ತುದು ಅಂದ್ರೆ ಸಾಕೋ ಸಾಕು. ಮೊದಲು ನಾಲ್ಕು ಜನ ಕೂತು ಎಸಿ ಹಾಕಿಕೊಂಡೇ ಮೂರನೇ ಗೇರಲ್ಲಿ ಹೋಗ್ತಿದ್ದ ಏರಿನಲ್ಲಿ ಈಗ ಎಸಿ ಆಫ್ ಮಾಡಿ ಎರಡಕ್ಕೆ ಇಳಿಸಿದ್ರೂ ಗಾಡಿ ಎಳಿಯುದಿಲ್ಲ, ಎಕ್ಸಲೇಟರ್ ಪೂರ್ತಿ ತುಳಿದ್ರೂ 2000 ಆರ್‌ಪಿಎಂ ಹತ್ರ ಒಂದು ಎಳೆತ ಬರ್ತಿತ್ತಲ್ಲ ಅದು ಬರುದೇ ಇಲ್ಲ. ಹಿಂದಿನಿಂದ ಬಂದ ಬಸ್ಸಿಗೆ ಸೈಡ್ ಕೊಟ್ಟು ನಿಲ್ಲುವ ಹಾಗೆ ಆಗಿದೆ. ಏರಿನಲ್ಲಿ ಕಪ್ಪು ಹೊಗೆ ಬರ್ತದೆ, ಕನ್ನಡಿಯಲ್ಲೇ ಕಾಣ್ತದೆ. ಗಾಜು ಇಳಿಸಿದ್ರೆ ಎಂಜಿನ್ ಕಡೆಯಿಂದ ಸುಯ್ ಅಂತ ಶಬ್ದ, ಎಕ್ಸಲೇಟರ್ ಬಿಟ್ಟ ಕೂಡ್ಲೆ ನಿಲ್ತದೆ. ಸುಳ್ಯ ಪೇಟೆಯೊಳಗೆ ಓಡಿಸುವಾಗ ಇದ್ಯಾವುದೂ ಅಷ್ಟು ಗೊತ್ತಾಗುದಿಲ್ಲ, ಸ್ವಲ್ಪ ಭಾರ ಅನ್ನಿಸ್ತದೆ ಅಷ್ಟೆ. ಮೈಲೇಜೂ ಬಿದ್ದಿದೆ.

ಏರ್ ಫಿಲ್ಟರ್, ಡೀಸೆಲ್ ಫಿಲ್ಟರ್ ಎರಡೂ ಹೊಸತು ಹಾಕಿಸಿದ್ದೇನೆ, ವ್ಯತ್ಯಾಸ ಇಲ್ಲ. ಘಾಟಿಯಲ್ಲಿ ಒಮ್ಮೆ ಚೆಕ್ ಲೈಟ್ ಬಂತು, ಆಮೇಲೆ ತಾನಾಗಿ ಹೋಯ್ತು. ಗ್ಯಾರೇಜಲ್ಲಿ ಸ್ಕ್ಯಾನರ್ ಹಾಕಿದಾಗ ಪಿ0299 ಅಂತ ಕೋಡ್ ಇತ್ತು, ಅದನ್ನು ನೋಡಿ ಟರ್ಬೊ ಹೋಗಿದೆ, ಹೊಸತು ಹಾಕ್ಬೇಕು, ಕೂಲಿ ಸೇರಿ 40 ಸಾವಿರದ ಹತ್ರ ಆಗ್ತದೆ ಅಂದ್ರು. ಬೇರೆ ಕಡೆ ತೋರಿಸಿದ್ರೆ ಟರ್ಬೊ ಅಲ್ಲ ಮಾರಾಯ್ರೆ, ಕ್ಲಚ್ ಪ್ಲೇಟ್ ಮುಗಿದಿದೆ ಅಂತಾರೆ. ಯಾರನ್ನು ನಂಬುದು? ಅಪ್ಪನನ್ನು ಚೆಕಪ್ಪಿಗೆ ಮಡಿಕೇರಿಗೆ ಕರ್ಕೊಂಡು ಹೋಗ್ಲಿಕ್ಕೆ ಇರ್ತದೆ, ಹಾಗಾಗಿ ಗಾಡಿ ಬೇಗ ಸರಿ ಆಗ್ಬೇಕು, ಆದ್ರೆ ಅಂದಾಜಿಗೆ ಅಷ್ಟು ದುಡ್ಡು ಹಾಕ್ಲಿಕ್ಕೆ ಮನಸ್ಸಿಲ್ಲ. ಮನೆಯಲ್ಲೇ ಪರೀಕ್ಷೆ ಮಾಡುವ ದಾರಿ ಇದ್ರೆ ಹೇಳಿ, ಸ್ಪ್ಯಾನರ್ ಹಿಡಿಯುವ ಅಭ್ಯಾಸ ಉಂಟು.

ಹುಬ್ಳಿ_ಟ್ಯಾಕ್ಸಿ:

ಕ್ಲಚ್ ಹೌದೋ ಅಲ್ಲೋ ಅನ್ನೂದು ಐದ್ ನಿಮಿಷದಾಗ ಗೊತ್ತಾಗ್ತೈತ್ರಿ, ಅದಕ್ಕ ಸ್ಕ್ಯಾನರ್ ಬ್ಯಾಡ ಏನೂ ಬ್ಯಾಡ. ಸಪಾಟ್ ರೋಡಿನ್ಯಾಗ ಟ್ರಾಫಿಕ್ ಇಲ್ಲದ ಕಡೆ ನಾಕನೇ ಗೇರ್ ಹಾಕ್ರಿ, 50 ಸ್ಪೀಡಿನ್ಯಾಗ ಇದ್ದಾಗ ಎಕ್ಸಲೇಟರ್ ಪೂರಾ ಒತ್ರಿ. ಆರ್‌ಪಿಎಂ ಮುಳ್ಳು ಸರ್ರ ಅಂತ ಮ್ಯಾಲೆ ಜಿಗಿದು ಸ್ಪೀಡ್ ಅಲ್ಲೇ ನಿಂತ್ರ ಕ್ಲಚ್ ಜಾರಾಕತ್ತೈತಿ ಅಂತ ತಿಳೀರಿ. ಎರಡೂ ಮುಳ್ಳು ಕೂಡೇ ನಿಧಾನಕ ಏರಿದ್ರ ಕ್ಲಚ್ ಚೊಲೊ ಐತಿ, ಎಂಜಿನ್‌ದಾಗ ದಮ್ ಇಲ್ಲ. ಘಾಟ್ ಹತ್ತಿದ ಮ್ಯಾಲೆ ಸುಟ್ಟ ವಾಸನಿ ಬರ್ತೈತೇನು ಅದನ್ನೂ ನೋಡ್ರಿ. ಕ್ಲಚ್ ಹೋದ್ರ ಕಪ್ಪು ಹೊಗಿ ಬರಂಗಿಲ್ರಿ, ಅದಕ್ಕ ನನಗ ನಿಮ್ದು ಕ್ಲಚ್ ಅಂತ ಅನ್ನಿಸೂದಿಲ್ಲ, ಆದ್ರೂ ಒಮ್ಮೆ ನೋಡಿ ಆ ಮಾತು ಮುಗಿಸಿಬಿಡ್ರಿ.

ಇನ್ನೊಂದು, ಇದನ್ನ ಭಾಳ ಮಂದಿ ನೋಡೂದೇ ಇಲ್ಲ. ಬ್ರೇಕ್ ಹಿಡದೈತೇನು? ಮಳಿಗಾಲದಾಗ ಹ್ಯಾಂಡ್‌ಬ್ರೇಕ್ ಕೇಬಲ್ ಒಳಗ ತುಕ್ಕು ಹಿಡದು ಹಿಂದಿನ ಡ್ರಮ್ ಪೂರಾ ಬಿಡಂಗಿಲ್ಲ, ಮುಂದ ಕ್ಯಾಲಿಪರ್ ಪಿನ್ ಜಾಮ್ ಆಗ್ತಾವು, ಅವಾಗ ಎಂಜಿನ್ ಎಷ್ಟ ಚೊಲೊ ಇದ್ರೂ ಗಾಡಿ ಹಿಂದಕ್ಕ ಜಗ್ಗಿದಂಗ ಆಗ್ತೈತಿ. ಒಂದ್ ಹತ್ತು ಕಿಲೋಮೀಟರ್ ಬ್ರೇಕ್ ಜಾಸ್ತಿ ಬಳಸದಂಗ ಓಡಿಸಿ ನಿಲ್ಲಿಸ್ರಿ, ನಾಕೂ ಗಾಲಿ ಹತ್ರ ಅಂಗೈ ಹಿಡೀರಿ. ಡಿಸ್ಕು, ಡ್ರಮ್ಮು ಮುಟ್ಟಬ್ಯಾಡ್ರಿ, ಸುಡ್ತಾವು. ಒಂದ ಗಾಲಿ ಬಾಕಿದಕ್ಕಿಂತ ಕಾವು ಜಾಸ್ತಿ ಬಿಡಾಕತ್ತಿದ್ರ ಅಲ್ಲೇ ಐತಿ ರೋಗ. ಟ್ಯಾಕ್ಸಿ ಧಂದೆದಾಗ ಎಂಜಿನ್ ಬಿಚ್ಚಿಸಿ ರೊಕ್ಕ ಹಾಕಿ ಕಡೀಕ ಬ್ರೇಕ್ ಅಂತ ಗೊತ್ತಾದವ್ರನ್ನ ನೋಡೇನ್ರಿ, ಅದಕ್ಕ ಇಷ್ಟು ಒತ್ತಿ ಹೇಳಾಕತ್ತೀನಿ. ಟೈರಿನ್ಯಾಗ ಗಾಳಿ ಎಷ್ಟೈತಿ ಅದನ್ನೂ ನೋಡ್ರಿ.

ಗುರು_ಬೆಂಗಳೂರು:

ಈಗ ಬಂಕಲ್ಲಿ ಹಾಕ್ತಿರೋ ಎಥೆನಾಲ್ ಮಿಕ್ಸ್ ಇಂದಾನೇ ಎಲ್ಲಾ ಗಾಡಿ ಪಿಕಪ್ಪೂ ಹೋಗಿರೋದು ಗುರು, ನಮ್ಮ ಏರಿಯಾದಲ್ಲಿ ಎಲ್ರೂ ಅದನ್ನೇ ಹೇಳ್ತಾರೆ. ಬೇರೆ ಬಂಕಲ್ಲಿ ಟ್ಯಾಂಕ್ ಫುಲ್ ಮಾಡಿಸಿ ನೋಡಿ.

ಮೈಸೂರು_ಡೀಸೆಲ್:

ಗುರು ಅವ್ರೆ, ಎಥೆನಾಲ್ ಬೆರೆಸೋದು ಪೆಟ್ರೋಲಿಗೆ, ಇವರದ್ದು ಡೀಸೆಲ್ ಗಾಡಿ. ಪೆಟ್ರೋಲ್ ಗಾಡೀಲೂ ಸಹ ಇ20 ಇಂದ ಮೈಲೇಜ್ ಸ್ವಲ್ಪ ಇಳಿಯುತ್ತೆ, ಯಾಕಂದ್ರೆ ಲೀಟರ್ ಲೆಕ್ಕದಲ್ಲಿ ಎಥೆನಾಲ್‌ನ ಶಕ್ತಿ ಪೆಟ್ರೋಲ್‌ಗಿಂತ ಸುಮಾರು ಮೂರನೇ ಒಂದು ಪಾಲು ಕಮ್ಮಿ, ಅದು ಇರೋದು ಐದರಲ್ಲಿ ಒಂದು ಭಾಗ. ಘಾಟಿ ಹತ್ತದೇ ಇರೋ ಮಟ್ಟಕ್ಕೆ ಅದು ತರಲ್ಲ.

ಸುಳ್ಯದವ್ರೆ, ಮೊದಲು ಆ ಕೋಡ್ ವಿಷಯ. ಪಿ0299 ಅಂದ್ರೆ ಟರ್ಬೊ ಹೋಗಿದೆ ಅಂತ ಅಲ್ಲ. ಇಸಿಯು, ಅಂದ್ರೆ ಎಂಜಿನ್ ಕಂಪ್ಯೂಟರ್, ಇಷ್ಟು ಬೂಸ್ಟ್ (ಟರ್ಬೊ ತಳ್ಳೋ ಗಾಳಿ ಒತ್ತಡ) ಬೇಕು ಅಂತ ಕೇಳ್ತು, ಅಷ್ಟು ಬರ್ಲಿಲ್ಲ, ಅದು ಹೇಳೋದು ಇಷ್ಟೇ. ಯಾಕೆ ಬರ್ಲಿಲ್ಲ ಅನ್ನೋದನ್ನ ನಾವೇ ಹುಡುಕ್ಬೇಕು. ಟರ್ಬೊ ಗಾಳಿ ತಳ್ಳದೇ ಇರಬಹುದು, ತಳ್ಳಿದ ಗಾಳಿ ದಾರೀಲಿ ಸೋರಿ ಹೋಗ್ತಿರಬಹುದು, ಹೊಗೇನ ಸ್ವಲ್ಪ ಮಾತ್ರ ವಾಪಸ್ ಬಿಡೋ ಇಜಿಆರ್ ವಾಲ್ವ್ ತೆರೆದೇ ಸಿಕ್ಕಾಕೊಂಡು ಹೊಗೆ ವಾಪಸ್ ಒಳಗೆ ಬರ್ತಿರಬಹುದು, ಟರ್ಬೊಗೆ ಹೋಗೋ ಹೊಗೇನ ಪಕ್ಕಕ್ಕೆ ಬಿಡೋ ವೇಸ್ಟ್‌ಗೇಟ್ ಮುಚ್ಚದೇ ಇರಬಹುದು, ಅಥವಾ ಗಾಳಿ ಸರಿಯಾಗೇ ಇದ್ದು ಅಳೆಯೋ ಸೆನ್ಸರ್ರೇ ಮಸಿ ಹಿಡಿದು ತಪ್ಪು ಹೇಳ್ತಿರಬಹುದು. ಇಷ್ಟರಲ್ಲಿ ಎಲ್ಲಕ್ಕಿಂತ ದುಬಾರಿ ಇರೋದನ್ನ ಮೊದಲು ಬದಲಾಯ್ಸಿ ನೋಡೋಣ ಅನ್ನೋದು ರಿಪೇರಿ ಮಾಡೋ ಕ್ರಮ ಅಲ್ಲ ಸಾರ್. ಕೋಡ್ ನೋಡಿದ ತಕ್ಷಣ ಪಾರ್ಟ್ ಹೆಸರು ಹೇಳೋದು ಈಗ ತುಂಬಾ ಆಗ್ಬಿಟ್ಟಿದೆ, ಅದನ್ನ ನೋಡಿದ್ರೆ ನನಗೆ ನಿಜವಾಗ್ಲೂ ಬೇಜಾರಾಗುತ್ತೆ.

ಇಎಲ್‌ಎಂ 327 ಬ್ಲೂಟೂತ್ ಡಾಂಗಲ್ (ಗಾಡಿ ಕಂಪ್ಯೂಟರಿನ ಅಂಕಿಗಳನ್ನ ಫೋನಿಗೆ ಕಳಿಸೋದು) ಒಂದು ತಗೊಳ್ಳಿ, ಆನ್‌ಲೈನಲ್ಲಿ ಸಾವಿರದ ಒಳಗೆ ಸಿಗುತ್ತೆ, ಸ್ಟೇರಿಂಗ್ ಕೆಳಗಿರೋ ಓಬಿಡಿ ಸಾಕೆಟ್‌ಗೆ ಹಾಕಿ ಫೋನಲ್ಲಿ ಆ್ಯಪ್ ಓಪನ್ ಮಾಡಿ. ಎಂಜಿನ್ ಸ್ಟಾರ್ಟ್ ಮಾಡದೇ ಬರೀ ಇಗ್ನಿಷನ್ ಆನ್ ಮಾಡಿದಾಗ ಮ್ಯಾಪ್ ಸೆನ್ಸರ್ (ಎಂಜಿನ್‌ಗೆ ಹೋಗೋ ಗಾಳಿ ಒತ್ತಡ ಅಳೆಯೋದು) ಎಷ್ಟು ತೋರಿಸ್ತಿದೆ ನೋಡಿ. ಆಗ ಅದು ಹೊರಗಿನ ಗಾಳಿ ಒತ್ತಡಾನೇ ತೋರಿಸ್ಬೇಕು. ಸುಳ್ಯದಲ್ಲಿ 100 ಕೆಪಿಎ (ಕಿಲೋಪಾಸ್ಕಲ್, ಒತ್ತಡದ ಅಳತೆ) ಆಸುಪಾಸು ಬರ್ಬೇಕು, ಮಡಿಕೇರಿ ಸುಮಾರು 1170 ಮೀಟರ್ ಎತ್ತರ ಇರೋದ್ರಿಂದ ಅಲ್ಲಿ 88, ಬೆಂಗಳೂರಲ್ಲಾದ್ರೆ 91. ಇದು ಸರಿ ಬಂದ್ರೆ ಸೆನ್ಸರ್ ಮಾತು ನಂಬಬಹುದು, ಸುಳ್ಯದಲ್ಲಿ 120ಓ 80ಓ ತೋರಿಸಿದ್ರೆ ಮುಂದಕ್ಕೆ ಹೋಗೋ ಮುಂಚೆ ಸೆನ್ಸರ್ ಬಿಚ್ಚಿ ನೋಡಿ.

ಆಮೇಲೆ ಲೋಡ್ ಮೇಲೆ ನೋಡ್ಬೇಕು, ಇದು ಮುಖ್ಯ. ನ್ಯೂಟ್ರಲಲ್ಲಿ ನಿಲ್ಲಿಸ್ಕೊಂಡು ಎಷ್ಟು ರೇಸ್ ಮಾಡಿದ್ರೂ ಡೀಸೆಲ್ ಎಂಜಿನ್ ಅಷ್ಟಾಗಿ ಬೂಸ್ಟ್ ಕಟ್ಟೋದಿಲ್ಲ, ಅದಕ್ಕೇ ಗ್ಯಾರೇಜ್ ಒಳಗೆ ನಿಲ್ಲಿಸಿ ನೋಡಿದವರಿಗೆ ಏನೂ ಕಾಣಲ್ಲ. ಪಕ್ಕದಲ್ಲಿ ಒಬ್ಬರನ್ನ ಕೂರಿಸ್ಕೊಳ್ಳಿ, ಫೋನ್ ಅವರ ಕೈಯಲ್ಲಿರ್ಲಿ, ನೀವು ರಸ್ತೆ ನೋಡಿ. ಮೂರನೇ ಗೇರ್, ಸ್ವಲ್ಪ ಏರು ಇರೋ ಜಾಗ, 1500 ಇಂದ ಪೂರ್ತಿ ಎಕ್ಸಲೇಟರ್ ಒತ್ತಿ 3000 ವರೆಗೆ. ಆ 3000 ಹತ್ರ ಮ್ಯಾಪ್ ಎಷ್ಟು, ಏರ್ ಫ್ಲೋ ಮೀಟರ್ ಸೆಕೆಂಡಿಗೆ ಎಷ್ಟು ಗ್ರಾಂ ತೋರಿಸ್ತಿದೆ, ರೈಲ್ ಪ್ರೆಷರ್ (ಇಂಜೆಕ್ಟರ್‌ಗೆ ಹೋಗೋ ಡೀಸೆಲ್ ಒತ್ತಡ) ಎಷ್ಟು, ಈ ಮೂರು ಬರ್ಕೊಳ್ಳಿ. ರೈಲ್ ಪ್ರೆಷರ್ ಆ್ಯಪಲ್ಲಿ ಕೆಪಿಎ ಲೆಕ್ಕದಲ್ಲೇ ಬರುತ್ತೆ, 1,00,000 ಅಂದ್ರೆ 1000 ಬಾರ್. ಪೂರ್ತಿ ಒತ್ತಿದಾಗ ಅದು ಸಾವಿರ ಬಾರ್ ದಾಟಿ ಮೇಲಕ್ಕೆ ಹೋಗ್ಲೇಬೇಕು, ಹೋಗ್ಲಿಲ್ಲ ಅಂದ್ರೆ ಡೀಸೆಲ್ ಕಡೆ ಸಮಸ್ಯೆ.

ಸುಳ್ಯ_ಸವಾರ:

ಹುಬ್ಳಿಯವ್ರೆ, ಕ್ಲಚ್ ಪರೀಕ್ಷೆ ಮಾಡಿದೆ. ಎರಡೂ ಮುಳ್ಳು ಒಟ್ಟಿಗೇ ನಿಧಾನಕ್ಕೆ ಏರ್ತದೆ, ಜಾರುದಿಲ್ಲ, ವಾಸನೆಯೂ ಇಲ್ಲ. ನಾಲ್ಕೂ ಚಕ್ರದ ಬಿಸಿ ಸಮ ಉಂಟು. ಜಾಕ್ ಕೊಟ್ಟು ಹಿಂದಿನ ಚಕ್ರ ಕೈಯಲ್ಲಿ ತಿರುಗಿಸಿ ನೋಡಿದೆ, ಎರಡೂ ಸಲೀಸಾಗಿ ತಿರುಗ್ತದೆ.

ಡಾಂಗಲ್ ಗೆಳೆಯನದ್ದು ಸಿಕ್ಕಿತು. ಇಗ್ನಿಷನ್ ಆನ್ ಮಾಡಿದಾಗ ಮ್ಯಾಪ್ 100. ಅರಂತೋಡು ದಾಟಿ ಸಿಗುವ ಏರಿನಲ್ಲಿ ಮೂರನೇ ಗೇರಿಗೆ ಹಾಕಿ ಒತ್ತಿದಾಗ 3000 ಹತ್ರ ಮ್ಯಾಪ್ 140, ಅದಕ್ಕಿಂತ ಮೇಲೆ ಹೋಗುದೇ ಇಲ್ಲ. ಏರ್ ಫ್ಲೋ 58 ಗ್ರಾಂ. ರೈಲ್ 1,30,000 ಚಿಲ್ಲರೆ. ಹೊಗೆ ಆಗ ಜೋರು ಇತ್ತು, ಹಿಂದೆ ಬೈಕಲ್ಲಿ ಬರ್ತಿದ್ದ ಹುಡುಗ ಪಾಪ ನಿಲ್ಲಿಸಿಯೇ ಬಿಟ್ಟ. ಈಗ ಇದರಿಂದ ಎಂತ ಗೊತ್ತಾಗ್ತದೆ ಸಾರ್?

ಮೈಸೂರು_ಡೀಸೆಲ್:

ತುಂಬಾ ಗೊತ್ತಾಗುತ್ತೆ. ರೈಲ್ 1300 ಬಾರ್ ಇದೆ, ಹಾಗಾಗಿ ಪಂಪು, ಡೀಸೆಲ್ ಫಿಲ್ಟರ್ ಕಡೆ ಹೋಗೋದೇ ಬೇಡ. ಈಗ ಗಾಳಿ ಲೆಕ್ಕ ನೋಡಿ. ನಿಮ್ಮ ಎಂಜಿನ್ 1248 ಸಿಸಿ, ಫೋರ್ ಸ್ಟ್ರೋಕ್ ಆದ್ದರಿಂದ ಎರಡು ಸುತ್ತಿಗೆ ಒಂದ್ಸಲ ಅಷ್ಟು ಗಾಳಿ ಎಳ್ಕೊಳ್ಳುತ್ತೆ. 3000 ಆರ್‌ಪಿಎಂ ಅಂದ್ರೆ ನಿಮಿಷಕ್ಕೆ 1872 ಲೀಟರ್, ಸೆಕೆಂಡಿಗೆ 31 ಲೀಟರ್. 140 ಕೆಪಿಎ ಒತ್ತಡದಲ್ಲಿ ಬೆಚ್ಚಗಿನ ಗಾಳಿ ಲೀಟರಿಗೆ ಒಂದೂವರೆ ಗ್ರಾಂ ಹತ್ರ ತೂಗುತ್ತೆ, ಸಿಲಿಂಡರ್ ನೂರಕ್ಕೆ ನೂರು ತುಂಬಲ್ಲ ಅನ್ನೋದನ್ನೂ ಹಿಡಿದ್ರೆ ಎಂಜಿನ್ ಒಳಗೆ ಹೋಗೋಕೆ ಸಾಧ್ಯ ಇರೋದು ಸೆಕೆಂಡಿಗೆ 42 ಗ್ರಾಂ ಆಸುಪಾಸು. ಆದ್ರೆ ಏರ್ ಫಿಲ್ಟರ್ ಪಕ್ಕ ಕೂತಿರೋ ಮೀಟರ್ 58 ಗ್ರಾಂ ಎಣಿಸಿದೆ. ಮಿಕ್ಕ 16 ಗ್ರಾಂ ಎಲ್ಲಿ ಹೋಯ್ತು? ಟರ್ಬೊ ಮತ್ತೆ ಇನ್‌ಟೇಕ್ ಮ್ಯಾನಿಫೋಲ್ಡ್ (ಸಿಲಿಂಡರ್‌ಗಳಿಗೆ ಗಾಳಿ ಹಂಚೋ ಪೈಪ್) ಮಧ್ಯೆ ಎಲ್ಲೋ ಆಚೆ ಹೋಗ್ತಿದೆ.

ಕಪ್ಪು ಹೊಗೆಗೂ ಇದೇ ಕಾರಣ. ಇಸಿಯು ಮೀಟರ್ ಹೇಳಿದ 58ನ್ನ ನಂಬಿ ಅದಕ್ಕೆ ತಕ್ಕ ಹಾಗೆ ಡೀಸೆಲ್ ಹೊಡೀತಿದೆ, ಸುಡೋಕೆ ಗಾಳಿ ಸಾಲ್ತಿಲ್ಲ. ಇಜಿಆರ್ ತೆರೆದು ಸಿಕ್ಕಾಕೊಂಡಿದ್ರೆ ಹೊಸ ಗಾಳಿ ಕಮ್ಮಿ ಆಗಿ ಮೀಟರ್ರೇ ಕಮ್ಮಿ ತೋರಿಸ್ತಿತ್ತು. ಟರ್ಬೊ ಸೋತಿದ್ರೂ ಅದು ಕಮ್ಮೀನೇ ಬರ್ಬೇಕು. ನಿಮ್ಮ ಟರ್ಬೊ ಅಷ್ಟು ಗಾಳಿ ಎಳೀತಿದೆ ಅಂದ್ರೆ ಅದು ಕೆಲಸ ಮಾಡ್ತಿದೆ. ಆ ಸುಯ್ ಶಬ್ದ ಸೋರಿಕೇದೇ.

ಟರ್ಬೊ ಇಂದ ಇಂಟರ್‌ಕೂಲರ್ (ಟರ್ಬೊ ತಳ್ಳಿದ ಬಿಸಿ ಗಾಳಿ ತಣ್ಣಗೆ ಮಾಡೋದು), ಇಂಟರ್‌ಕೂಲರ್ ಇಂದ ಎಂಜಿನ್, ಈ ಎರಡೂ ಕಡೆ ಹೋಸ್ ಪೂರ್ತಿ ಬಿಚ್ಚಿ ಹೊರಗೆ ತೆಗೀರಿ. ಮೇಲಿಂದ ಟಾರ್ಚ್ ಹಾಕಿ ನೋಡಿದ್ರೆ ಸಾಲದು, ರಬ್ಬರ್ ಹೆಚ್ಚಾಗಿ ಕೆಳಗಡೆ ಮುಖದಲ್ಲಿ, ಎಲ್ಲಾದ್ರೂ ಬ್ರಾಕೆಟ್‌ಗೆ ಉಜ್ಜೋ ಕಡೆ ಸೀಳೋದು. ಎಂಜಿನ್ ಆಫ್ ಇದ್ದಾಗ ಆ ಸೀಳು ಮುಚ್ಕೊಂಡಿರುತ್ತೆ, ಸೈಕಲ್ ಟ್ಯೂಬಿನ ಪಂಕ್ಚರ್ ಗಾಳಿ ಹೊಡೆದು ನೀರಲ್ಲಿ ಅದ್ದಿದಾಗ್ಲೇ ಕಾಣೋದು ನೋಡಿ, ಹಾಗೆ. ಹೋಸನ್ನ ಕೈಯಲ್ಲಿ ಮಡಚಿ ಮಡಚಿ ನೋಡಿ. ಹೊರಗಡೆ ಆಯಿಲ್ ಒದ್ದೆ ಇದ್ದು ಅದಕ್ಕೆ ಧೂಳು, ಕೆಸರು ಅಂಟಿರೋ ಜಾಗ ಸಿಕ್ಕಿದ್ರೆ ಅಲ್ಲೇ ಇದೆ. ಹೋಸ್ ಚೆನ್ನಾಗಿದ್ರೆ ಇಂಟರ್‌ಕೂಲರ್ ಪ್ಲಾಸ್ಟಿಕ್ ಟ್ಯಾಂಕ್ ಅಂಚು ನೋಡಿ, ಅದೂ ಬಿರುಕು ಬಿಡುತ್ತೆ. ಅಲ್ಲಿಯವರೆಗೆ ಘಾಟಿ ಕಡೆ ಒತ್ತಿ ಓಡಿಸ್ಬೇಡಿ, ಕಾಣೆಯಾದ ಬೂಸ್ಟ್ ತುಂಬಿಸೋಕೆ ಅಂತ ಟರ್ಬೊ ಅಳತೆ ಮೀರಿ ಸುತ್ತುತ್ತೆ, ಸರಿ ಇರೋ ಟರ್ಬೊ ಆಗ ನಿಜವಾಗ್ಲೂ ಹೋಗುತ್ತೆ.

ಸುಳ್ಯ_ಸವಾರ:

ಸಿಕ್ಕಿತು! ಇಂಟರ್‌ಕೂಲರಿನಿಂದ ಎಂಜಿನ್ನಿಗೆ ಬರುವ ಹೋಸ್. ನೀವು ಹೇಳಿದ ಹಾಗೆಯೇ ಕೆಳಗಿನ ಮುಖ, ಬ್ಯಾಟರಿ ಟ್ರೇ ಹತ್ರ ಒಂದು ಕಬ್ಬಿಣದ ಬ್ರಾಕೆಟ್ಟಿಗೆ ಉಜ್ಜಿ ಉಜ್ಜಿ ಹೆಬ್ಬೆರಳಿನಷ್ಟು ಉದ್ದ ಸೀಳಿದೆ. ಗಾಡಿಯಲ್ಲಿ ಇರುವಾಗ ಕೈ ಹಾಕಿ ಸವರಿದ್ರೂ ಗೊತ್ತಾಗ್ಲಿಲ್ಲ, ಬಿಚ್ಚಿ ಬಗ್ಗಿಸಿದಾಗ ಬಾಯಿ ತೆರೆಯಿತು, ಒಳಗಿನ ನೂಲೆಲ್ಲ ಕಾಣ್ತದೆ. ಸುತ್ತ ಆಯಿಲಿಗೆ ಕೆಂಪು ಮಣ್ಣು ಮೆತ್ತಿ ಗಟ್ಟಿಯಾಗಿತ್ತು. ಹೊಸ ಹೋಸ್ ಪುತ್ತೂರಿನಲ್ಲಿ ಸಿಕ್ಕಿತು, ಎರಡು ಕ್ಲಿಪ್ ಕೂಡ ಹೊಸತೇ ಹಾಕಿದೆ, ಎಲ್ಲ ಸೇರಿ ಟರ್ಬೊಗೆ ಹೇಳಿದ ದುಡ್ಡಿನ ಹತ್ತನೇ ಒಂದು ಪಾಲೂ ಆಗ್ಲಿಲ್ಲ. ಬ್ರಾಕೆಟ್ ಅಂಚಿಗೆ ಒಂದು ತುಂಡು ರಬ್ಬರ್ ಸುತ್ತಿ ಟೈ ಹಾಕಿದ್ದೇನೆ.

ಅದೇ ಏರಿನಲ್ಲಿ ಮತ್ತೆ ನೋಡಿದೆ, ಮ್ಯಾಪ್ 210, ಏರ್ ಫ್ಲೋ 62. ಹೊಗೆ ಇಲ್ಲ, ಶಬ್ದ ಇಲ್ಲ. ಸಂಪಾಜೆಯಿಂದ ಮೇಲೆ ಎಸಿ ಹಾಕಿಕೊಂಡು ಮೂರರಲ್ಲೇ ಹೋದೆ, ಅಪ್ಪ ಹಿಂದಿನ ಸೀಟಲ್ಲಿ ನಿದ್ದೆ. ನಿಮ್ಮಿಬ್ಬರಿಗೂ ಎಷ್ಟು ಥ್ಯಾಂಕ್ಸ್ ಹೇಳಿದ್ರೂ ಸಾಕಾಗುದಿಲ್ಲ. ಒಂದು ಪ್ರಶ್ನೆ ಉಳಿದಿದೆ, ಹೋಸ್ ಒಳಗೆ ಆಯಿಲ್ ಇತ್ತಲ್ಲ, ಅದು ಟರ್ಬೊ ಸೀಲಿನಿಂದ ಬರುದಾ?

ಮೈಸೂರು_ಡೀಸೆಲ್:

ತುಂಬಾ ಸಂತೋಷ ಆಯ್ತು ಸಾರ್. ಒಳಗೋಡೆಗೆ ತೆಳ್ಳಗೆ ಸವರಿದ ಹಾಗೆ ಆಯಿಲ್ ಇದ್ರೆ ಚಿಂತೆ ಬೇಡ, ಎಂಜಿನ್ ಬ್ರೀದರ್ ಪೈಪಿಂದ ಬರೋ ಆಯಿಲ್ ಆವಿ ಅದು, ಈ ವಯಸ್ಸಿನ ಗಾಡಿಗಳಲ್ಲಿ ಇದ್ದೇ ಇರುತ್ತೆ. ಬಗ್ಗಿಸಿದಾಗ ಧಾರೆಯಾಗಿ ಸುರಿಯೋ ಅಷ್ಟಿದ್ರೆ, ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಇಳೀತಾ ಇದ್ರೆ, ನೀಲಿ ಹೊಗೆ ಬಂದ್ರೆ ಆಗ ಟರ್ಬೊ ನೋಡ್ಬೇಕು. ಏರ್ ಫಿಲ್ಟರ್ ಕಡೆ ಪೈಪ್ ಬಿಚ್ಚಿ, ಎಂಜಿನ್ ತಣ್ಣಗಿರುವಾಗ ಟರ್ಬೊ ಚಕ್ರದ ನಡುವಿನ ನಟ್ ಹಿಡಿದು ಅಲ್ಲಾಡಿಸಿ. ಅಕ್ಕಪಕ್ಕ ಕೂದಲೆಳೆಯಷ್ಟು ಆಡಿದ್ರೆ ಪರವಾಗಿಲ್ಲ, ಹಿಂದೆ ಮುಂದೆ ಆಡಬಾರದು, ರೆಕ್ಕೆ ಎಲ್ಲೂ ಗೋಡೆಗೆ ತಾಗಿದ ಗುರುತು ಇರಬಾರದು.

ಇಷ್ಟು ದಿನ ಹೊಗೆ ಉಗುಳಿರೋದ್ರಿಂದ ಇಜಿಆರ್ ಮತ್ತೆ ಮ್ಯಾಪ್ ಸೆನ್ಸರ್ ತುದಿಗೆ ಮಸಿ ಮೆತ್ತಿರುತ್ತೆ, ಮುಂದಿನ ಸರ್ವಿಸಲ್ಲಿ ಕ್ಲೀನ್ ಮಾಡಿಸಿ. ಮ್ಯಾಪ್ ಸೆನ್ಸರ್‌ಗೆ ಎಲೆಕ್ಟ್ರಿಕಲ್ ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ಸಾಕು, ಪಿನ್ನು ಕಡ್ಡಿ ಹಾಕಿ ಚುಚ್ಚಬೇಡಿ.

ಶಿರಸಿ_ಪೆಟ್ರೋಲ್:

ಇಲ್ಲೇ ಕೇಳಿಬಿಡ್ತೆ, ಬೇರೆ ಥ್ರೆಡ್ ಮಾಡೋದಿಲ್ಲ. ನಂದು 1.2 ಪೆಟ್ರೋಲ್, ದೇವಿಮನೆ ಘಟ್ಟ ಹತ್ತುವಾಗ ಗಾಡಿ ಜರ್ಕ್ ಹೊಡೀತದೆ, ಎಳೆತ ಇಲ್ಲ, ಚೆಕ್ ಲೈಟ್ ಮಿಣುಕ್ ಮಿಣುಕ್ ಅಂತ ಹೊತ್ತಿ ಆರ್ತದೆ. ಕೋಡ್ ಪಿ0302. ಇದಕ್ಕೂ ಗಾಳಿ ಸೋರಿಕೆ ನೋಡಬೇಕಾ?

ಮೈಸೂರು_ಡೀಸೆಲ್:

ಇಲ್ಲ, ನಿಮ್ಮದು ಬೇರೆ ದಾರಿ. ಪಿ0302 ಅಂದ್ರೆ ಎರಡನೇ ಸಿಲಿಂಡರ್ ಮಿಸ್ ಆಗ್ತಿದೆ, ಅಲ್ಲಿ ಪೆಟ್ರೋಲ್ ಸರಿಯಾಗಿ ಹೊತ್ಕೊಳ್ತಿಲ್ಲ. ಚೆಕ್ ಲೈಟ್ ಸುಮ್ನೆ ಉರಿಯೋದು ಬೇರೆ, ಮಿಣುಕೋದು ಬೇರೆ. ಮಿಣುಕ್ತಿದೆ ಅಂದ್ರೆ ಸುಡದ ಪೆಟ್ರೋಲ್ ಸೈಲೆನ್ಸರ್ ಕಡೆ ಹೋಗಿ ಹೊಗೆ ಶುದ್ಧ ಮಾಡೋ ಕ್ಯಾಟಲಿಟಿಕ್ ಕನ್ವರ್ಟರ್ ಒಳಗೆ ಉರೀತಿದೆ, ಹಾಗೇ ಓಡಿಸಿದ್ರೆ ಅದು ಕರಗಿ ಕಟ್ಕೊಳ್ಳುತ್ತೆ, ಅದರ ಬೆಲೆ ಕೇಳಿದ್ರೆ ಕಿಡಿ ಹೊಡೆಯೋ ಪ್ಲಗ್ಗು, ಅದಕ್ಕೆ ಕರೆಂಟ್ ಕೊಡೋ ಕಾಯಿಲು ಏನೇನೂ ಅಲ್ಲ. ಆದ್ದರಿಂದ ಘಟ್ಟಕ್ಕೆ ಈಗ ಹೋಗ್ಬೇಡಿ.

ನಿಮ್ಮ ಗಾಡೀಲಿ ಪ್ರತಿ ಪ್ಲಗ್ ಮೇಲೆ ಬೇರೆ ಬೇರೆ ಕಾಯಿಲ್ ಇದ್ರೆ ಕೆಲಸ ಸುಲಭ. ಎಂಜಿನ್ ತಣ್ಣಗಾದ ಮೇಲೆ ಎರಡನೇ ಕಾಯಿಲ್ ತೆಗೆದು ಮೂರಕ್ಕೆ ಹಾಕಿ, ಮೂರರದ್ದು ಎರಡಕ್ಕೆ. ಕೋಡ್ ಅಳಿಸಿ ಓಡಿಸಿ ನೋಡಿ. ಈಗ ಪಿ0303 ಬಂದ್ರೆ ಕಾಯಿಲ್ ಹೋಗಿದೆ, ಒಂದೇ ಒಂದು ತಂದು ಹಾಕಿದ್ರೆ ಆಯ್ತು. ಪಿ0302 ಅಲ್ಲೇ ಉಳಿದ್ರೆ ಪ್ಲಗ್‌ಗಳನ್ನ ಅದೇ ಥರ ಅದಲು ಬದಲು ಮಾಡಿ. ಆಗ್ಲೂ ಎರಡರಲ್ಲೇ ಉಳಿದ್ರೆ ಇಂಜೆಕ್ಟರ್, ಅದಾದ್ಮೇಲೆ ಕಂಪ್ರೆಷನ್ ಚೆಕ್ ಮಾಡಿಸಿ. ಕಾಯಿಲ್ ತೆಗೆದಾಗ ಪ್ಲಗ್ ಗುಂಡಿ ಒಳಗೆ ನೀರೋ ಆಯಿಲ್ಲೋ ನಿಂತಿದೆಯಾ ಟಾರ್ಚ್ ಬಿಟ್ಟು ನೋಡಿ, ನಿಮ್ಮ ಕಡೆ ಮಳೆಗೆ, ಅದ್ರಲ್ಲೂ ಬೋನೆಟ್ ಎತ್ತಿ ಪ್ರೆಷರ್ ವಾಟರ್ ಹೊಡೆಸಿದ ಮೇಲೆ ಶುರುವಾಗಿದ್ರೆ, ಅಲ್ಲೇ ಉತ್ತರ ಸಿಗೋ ಸಾಧ್ಯತೆ ಜಾಸ್ತಿ. ನೋಡಿ ಬಂದು ಕೋಡ್ ಎಲ್ಲಿಗೆ ಹೋಯ್ತು ಅಂತ ಇಲ್ಲೇ ಬರೀರಿ.